ಕಂಚಣ್ಣನ ದನಿಗೆ ಅಡ್ಡ ಬಂದ ಫ್ಯಾನು

ಆ ಲ್ಯಾಪ್‌ಟಾಪಿಗೂ ತನ್ನ ಗಂಡನಿಗೂ ಯಾವ ಜನ್ಮದ ಹಗೆಯಿತ್ತೋ ಟೈಲರಮ್ಮನಿಗೆ ತಿಳಿಯಲಿಲ್ಲ. ಅವನು ಬಾಯಿ ಮುಚ್ಚಿಕೊಂಡಿದ್ದಷ್ಟು ಹೊತ್ತು ಅದೂ ಹಾಲು ಕುಡಿದು ಮಲಗಿದ ಕೂಸಿನ ಹಾಗೆ ತೆಪ್ಪಗಿರುತ್ತಿತ್ತು. ಅವನು ಬಾಯಿ ತೆರೆದು ನಾಲ್ಕು ವಾಕ್ಯ ಓದಿದನೋ ಇಲ್ಲವೋ, ಒಳಗಿನ ಫ್ಯಾನು ಬುಸ್ಸೆಂದು ಎದ್ದು, ಊರಿಗೆಲ್ಲ ತಾನೇ ಗಾಳಿ ಬೀಸಬೇಕೇನೋ ಎಂಬಂತೆ ಗುಯ್‌ಗುಟ್ಟತೊಡಗುತ್ತಿತ್ತು. ಕೂಡಲೇ ಪರದೆಯ ಮೇಲೆ ಕೆಂಪು ಪಟ್ಟಿ. ಅದರಲ್ಲಿ ಯಾವಾಗಲೂ ಒಂದೇ ಮಾತು: 'ಹಿನ್ನೆಲೆಯಲ್ಲಿ ಸದ್ದಿದೆ. ಮತ್ತೊಮ್ಮೆ ಓದಿ.'

ಮತ್ತೊಮ್ಮೆ ಓದುವುದು ಬೇರೆಯವರಿಗಾದರೆ ದೊಡ್ಡ ಮಾತಲ್ಲ. ಆದರೆ ಬರುವ ಸೋಮವಾರ ಆಸ್ಪತ್ರೆಯಲ್ಲಿ ಅವನ ಗಂಟಲು ಕೊಯ್ದು ಧ್ವನಿಪೆಟ್ಟಿಗೆಯನ್ನೇ ತೆಗೆಯುವವರಿದ್ದರು. ಅಲ್ಲಿ ಬೆಳೆದ ಗಡ್ಡೆ ಕೆಟ್ಟದ್ದು, ಜೀವ ಉಳಿಯಬೇಕಾದರೆ ದನಿ ಬಿಡಬೇಕು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅಲ್ಲಿಯವರೆಗೆ ಗಂಟಲಿಗೆ ಹೆಚ್ಚು ಶ್ರಮ ಕೊಡಬಾರದು, ಬೆಳಗಿನ ಹೊತ್ತು ಸ್ವಲ್ಪ ಮಾತಾಡಿ ಆಮೇಲೆ ಸುಮ್ಮನಿರಬೇಕು ಎಂದೂ ಹೇಳಿದ್ದರು. ನಿಜವಾಗಿ ನೋಡಿದರೆ ಮಧ್ಯಾಹ್ನವಾಗುವಷ್ಟರಲ್ಲಿ ಅವನ ದನಿಯೇ ಒಡೆದು, ಹಳೆಯ ಬಾಗಿಲಿನ ಹಾಗೆ ಕಿರುಗುಡುತ್ತಿತ್ತು.

ಅದೇ ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಮೇಡಮ್ಮು ಒಂದು ದಾರಿ ತೋರಿಸಿದ್ದರು. ಕಂಪ್ಯೂಟರಿಗೆ ಒಂದು ಪ್ರೋಗ್ರಾಮು ಹಾಕಿ, ಮುನ್ನೂರು ಚಿಲ್ಲರೆ ವಾಕ್ಯಗಳನ್ನು ಸದ್ದಿಲ್ಲದ ಕೋಣೆಯಲ್ಲಿ ಓದಿದರೆ, ಯಂತ್ರ ಅವನ ದನಿಯನ್ನು ಕಲಿತುಕೊಳ್ಳುತ್ತದೆ. ಆಮೇಲೆ ಅವನು ಏನನ್ನು ಟೈಪು ಮಾಡಿದರೂ ಅದು ಅವನದೇ ದನಿಯಲ್ಲಿ ಹೇಳುತ್ತದೆ. ಓದದಿದ್ದರೆ? ಓದದಿದ್ದರೂ ಯಂತ್ರ ಮಾತಾಡುತ್ತದೆ, ಆದರೆ ಯಾರೋ ಗುರುತಿಲ್ಲದವನ ದನಿಯಲ್ಲಿ. ಮೇಡಮ್ಮು ಅದನ್ನೂ ಒಂದು ಸಲ ಕೇಳಿಸಿದ್ದರು. ಬ್ಯಾಂಕಿನಿಂದ ಫೋನು ಮಾಡಿ ಸಾಲ ಬೇಕೇ ಎಂದು ಕೇಳುವವನ ದನಿ ಅದು. ಅಂಥವನು ದಿನವೂ ತನ್ನ ಅಡುಗೆಮನೆಯಲ್ಲಿ ನಿಂತು ಮಾತಾಡುವುದನ್ನು ನೆನೆದೇ ಟೈಲರಮ್ಮನಿಗೆ ಮೈಯೆಲ್ಲ ಮುಳ್ಳೆದ್ದಿತ್ತು.

ಅದೂ ಎಂಥ ದನಿಗೆ ಬದಲು. ಅವಳ ಗಂಡ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆ ಎಂದು ಕೂಗಿ ಹೇಳುವ ನೌಕರಿಯವನು. ಡ್ರೈವರುಗಳು ಅವನ ಕಂಚಿನ ಕಂಠಕ್ಕೆ ಮೆಚ್ಚಿ ಕಂಚಣ್ಣ ಅಂತ ಕರೆದರು, ಅದೇ ಉಳಿಯಿತು. ಇಂಜಿನ್ನುಗಳ ಗದ್ದಲ, ಕೂಸುಗಳ ಅಳು, ಮಾರುವವರ ಕೂಗು, ಎಲ್ಲದರ ನೆತ್ತಿಯ ಮೇಲೆ ಅವನ ದನಿ ಸಲೀಸಾಗಿ ಹೋಗುತ್ತಿತ್ತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುವ ಗಾದೆಯನ್ನು ಅವನು ತನಗೇ ಕಟ್ಟಿದ್ದು ಎಂದು ಹೇಳಿಕೊಳ್ಳುತ್ತಿದ್ದ. ಇಡೀ ನಿಲ್ದಾಣದ ಸದ್ದನ್ನು ಗೆದ್ದವನು ಒಂದು ಅಂಗೈಯಗಲದ ಫ್ಯಾನಿಗೆ ಸೋಲುವುದೆಂದರೇನು? ಇದು ಟೈಲರಮ್ಮನ ತಲೆಗೆ ಹೋಗಲೇ ಇಲ್ಲ.

ಲ್ಯಾಪ್‌ಟಾಪು ಮಗಳದು. ಕೊರಿಯರ್ ಆಫೀಸಿನಲ್ಲಿ ಕೆಲಸ ಮಾಡುವ ಮಗಳಿಗೆ ಅಲ್ಲಿಂದಲೇ ಹೊಸದು ಸಿಕ್ಕ ಮೇಲೆ ಹಳೆಯದು ಅಮ್ಮನ ಹೊಲಿಗೆ ಕೋಣೆಗೆ ಬಂದಿತ್ತು. ಗಿರಾಕಿಗಳು ಕಳಿಸುವ ಅಂಗಿಯ ಚಿತ್ರ ನೋಡುವುದಕ್ಕೆ, ಕೈಹೊಲಿಗೆ ಹಾಕುವಾಗ ಹಾಡು ಕೇಳುವುದಕ್ಕೆ ಅದು ಕತ್ತರಿಸುವ ಮೇಜಿನ ಮೂಲೆಯಲ್ಲೇ ಇರುತ್ತಿತ್ತು. ಆಗ ಅದು ಇಷ್ಟು ರಂಪ ಮಾಡಿದ್ದು ಅವಳಿಗೆ ನೆನಪಿಲ್ಲ. ಆದರೆ ಹೊಲಿಗೆಯಂತ್ರ ಓಡುವಾಗ ಪಕ್ಕದಲ್ಲಿ ಆನೆ ಘೀಳಿಟ್ಟರೂ ಅವಳಿಗೆ ಕೇಳುತ್ತಿರಲಿಲ್ಲ, ಅದೂ ನಿಜ.

ಮೊದಲ ದಿನ ಬೆಳಿಗ್ಗೆ ಮಗಳೇ ಎಲ್ಲ ಅಣಿ ಮಾಡಿಕೊಟ್ಟಳು. ಆಸ್ಪತ್ರೆಯಿಂದ ತಂದ ಪುಟ್ಟ ಮೈಕನ್ನು ಸಿಕ್ಕಿಸಿದಳು. ಅದರ ತಂತಿ ಗೇಣುದ್ದ, ದೂರ ಇಡುವ ಹಾಗಿಲ್ಲ. ಫ್ಯಾನು ಗುಯ್ ಎಂದಾಗ ಅವಳು ಏನೇನೋ ಒತ್ತಿ, ಏನೇನೋ ಮುಚ್ಚಿದಳು.

"ಹಿಂದೆ ಏನೇನೋ ಓಡ್ತಾ ಇತ್ತು ಅಮ್ಮ, ಎಲ್ಲಾ ನಿಲ್ಲಿಸಿದೀನಿ. ಇನ್ನು ತೊಂದರೆ ಕೊಡಲ್ಲ" ಎಂದಳು.

ಹಿಂದೆ ಏನು ಓಡುತ್ತಿತ್ತು ಎಂದು ಟೈಲರಮ್ಮ ಲ್ಯಾಪ್‌ಟಾಪಿನ ಬೆನ್ನ ಕಡೆ ಬಗ್ಗಿ ನೋಡಿದಳು. ಮೇಜಿನ ಮೇಲೆ ಒಂದಿಷ್ಟು ದಾರದ ಚೂರು ಬಿಟ್ಟರೆ ಏನೂ ಇರಲಿಲ್ಲ. ಕೇಳಿದರೆ ಮಗಳು ನಗುತ್ತಾಳೆಂದು ಸುಮ್ಮನಾದಳು. ಮಗಳು ಆಫೀಸಿಗೆ ಹೋದಳು. ಕಂಚಣ್ಣ ಕನ್ನಡಕ ಏರಿಸಿ ಓದಲು ಕೂತ. 'ಬಾಗಿಲು ತೆರೆದು ನೋಡಿದರೆ ಅಂಗಳದಲ್ಲಿ ಯಾರೂ ಇರಲಿಲ್ಲ.' ಹಸಿರು ಪಟ್ಟಿ. 'ನನಗೆ ಸ್ವಲ್ಪ ನೀರು ಬೇಕಾಗಿತ್ತು.' ಹಸಿರು. ಇನ್ನೊಂದೆರಡು ಓದುವಷ್ಟರಲ್ಲಿ ಫ್ಯಾನು ಎದ್ದಿತು. ಕೆಂಪು. ಮತ್ತೆ ಓದಿದ. ಕೆಂಪು.

ಅವನಿಗೆ ಒಂದು ಚಾಳಿ. ಸದ್ದು ಎದ್ದ ಕೂಡಲೇ ಅವನ ದನಿಯೂ ತಾನಾಗಿ ಏರುತ್ತಿತ್ತು. ಜೀವಮಾನವಿಡೀ ಮಾಡಿದ್ದೇ ಅದು. 'ನನಗೆ ಸ್ವಲ್ಪ ನೀರು ಬೇಕಾಗಿತ್ತು' ಎನ್ನುವುದನ್ನು, ನೀರು ಮೂರನೇ ಅಂಕಣದಿಂದ ಈಗ ಹೊರಡಲಿದೆ ಎನ್ನುವ ಧಾಟಿಯಲ್ಲಿ ಕೂಗಿದ. ಕೂಗಿ, ಗಂಟಲು ಹಿಡಿದುಕೊಂಡು ಕೆಮ್ಮಿದ.

"ರೀ, ಕೂಗಬೇಡಿ ಅಂದಿದಾರೆ ಡಾಕ್ಟ್ರು."

"ನಾನೆಲ್ಲಿ ಕೂಗ್ತಾ ಇದೀನಿ? ಅದು ಕೂಗ್ತಾ ಇದೆ."

ಅಂದು ದೊರೆತ ಹಸಿರು ಕೈಬೆರಳಲ್ಲಿ ಎಣಿಸುವಷ್ಟು.

ಟೈಲರಮ್ಮ ಕೈಕಟ್ಟಿ ಕೂರುವ ಹೆಂಗಸಲ್ಲ. ಸದ್ದು ಮಾಡುವ ಯಂತ್ರ ಅವಳಿಗೇನು ಹೊಸದೇ? ಹೊಲಿಗೆಯಂತ್ರ ಗಡಗಡ ಅಂದರೆ ತಪ್ಪು ಯಂತ್ರದ್ದಲ್ಲ, ಮೇಜಿನದು. ಟೊಳ್ಳು ಮೇಜು ಸಣ್ಣ ಸದ್ದನ್ನೂ ಹತ್ತುಪಟ್ಟು ಮಾಡಿ ಆಡುತ್ತದೆ. ಕಾಲಿನ ಕೆಳಗೆ ದಪ್ಪ ಬಟ್ಟೆ ಕೊಟ್ಟರೆ ಅರ್ಧ ಗದ್ದಲ ಅಲ್ಲೇ ಸಾಯುತ್ತದೆ. ಇದು ಅವಳಿಗೆ ಕೆಲಸ ಕಲಿಸಿದ ಚಿಕ್ಕಮ್ಮ ಹೇಳಿಕೊಟ್ಟ ಪಾಠ, ಒಂದು ದಿನವೂ ಸುಳ್ಳಾಗಿರಲಿಲ್ಲ. ಮಧ್ಯಾಹ್ನ ಗಿರಾಕಿಯ ಕೆಲಸ ಬದಿಗಿಟ್ಟು, ಲ್ಯಾಪ್‌ಟಾಪಿನ ಅಳತೆ ತೆಗೆದು, ಅದಕ್ಕೊಂದು ಪುಟ್ಟ ಹಾಸಿಗೆ ಹೊಲಿದಳು. ಒಳಗೆ ಹತ್ತಿ, ಮೇಲೆ ಮೆತ್ತನೆಯ ನೀಲಿ ಬಟ್ಟೆ, ಜಾರದಿರಲಿ ಅಂತ ನಾಲ್ಕೂ ಮೂಲೆಗೆ ಇಲಾಸ್ಟಿಕ್. ಕೂಸಿಗೆ ಹೊಲಿದದ್ದಕ್ಕಿಂತ ಅಚ್ಚುಕಟ್ಟಾಗಿ ಬಂತು. ಅವಳಿಗೇ ಹೆಮ್ಮೆಯಾಯಿತು.

ಮರುದಿನ ಬೆಳಿಗ್ಗೆ ಮೊದಲ ಕೆಲವು ವಾಕ್ಯಗಳಿಗೆ ನಿಜವಾಗಿಯೂ ಸದ್ದು ತಗ್ಗಿತ್ತು. ನೋಡಿದಿರಾ ಎನ್ನುವ ಹಾಗೆ ಅವಳು ಗಂಡನ ಕಡೆ ಹುಬ್ಬು ಹಾರಿಸಿದಳು. ಹುಬ್ಬು ಇಳಿಯುವ ಮೊದಲೇ ಫ್ಯಾನು ಎದ್ದಿತು, ನಿನ್ನೆಗಿಂತ ಜೋರಾಗಿ. ಈ ಸಲ ನಿಲ್ಲಲೇ ಇಲ್ಲ.

ಟೈಲರಮ್ಮ ಕಕ್ಕಾಬಿಕ್ಕಿಯಾದಳು. ಮೊದಲು ತಗ್ಗಿದ್ದು ಆಮೇಲೆ ಏರಿದ್ದು ಯಾಕೆ? ಹತ್ತಿ ಸಾಲದೇ ಬಂತು, ಇನ್ನೇನು ಎಂದುಕೊಂಡಳು. ಅಂದು ಇನ್ನೊಂದು ಪದರ ಹತ್ತಿ ತುಂಬಿದಳು. ಬದಿಗಳಿಗೂ ಗೋಡೆ ಎಬ್ಬಿಸಿ, ಅದು ತೊಟ್ಟಿಲೋ ಹಾಸಿಗೆಯೋ ಹೇಳಲಾರದ ಹಾಗೆ ಮಾಡಿದಳು. ಸಾಲದ್ದಕ್ಕೆ ಕೋಣೆಯ ಕಿಟಕಿ ಮುಚ್ಚಿ ಅದಕ್ಕೊಂದು ಕಂಬಳಿ, ಬಾಗಿಲಿಗೊಂದು ರಜಾಯಿ. ಮೂರನೆಯ ಬೆಳಿಗ್ಗೆ ಕಂಚಣ್ಣ ಬೆವರಿ ನೀರಾಗಿ ಕೂತು ಓದಿದ. ಫ್ಯಾನು ವಿಮಾನದ ಹಾಗೆ ಮೊರೆಯಿತು.

"ಲೇ, ಒಳಗೆ ಉಸಿರಾಡಕ್ಕೂ ಆಗ್ತಿಲ್ಲ ಕಣೇ."

"ಮಾತಾಡಬೇಡಿ. ಆ ದನಿಯಲ್ಲಿ ಒಂದು ವಾಕ್ಯ ಓದಬಹುದಿತ್ತು."

ಅವನು ಬಾಯಿ ಮುಚ್ಚಿದ. ಹಾಗೆ ಗದರಿದ್ದಕ್ಕೆ ಅವಳಿಗೇ ಬೇಸರವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಎಲ್ಲರಿಗೂ ಬಾಯಿಪಾಠ. ಆಡಿದ ಒಂದೊಂದು ಮಾತೂ ನಿಜವಾಗಿ ಖರ್ಚಾಗಿ ಹೋಗುವ ಮನೆಯಲ್ಲಿ ಕೂತವರಿಗೆ ಮಾತ್ರ ಅದರ ಬಿಸಿ ಗೊತ್ತು. ಕೆಂಪು ಪಟ್ಟಿ ಬಿದ್ದಾಗಲೆಲ್ಲ ಅವಳಿಗೆ ಫ್ಯಾನು ಗಂಡನ ದನಿಯನ್ನು ಒಂದೊಂದು ಎಳೆಯಾಗಿ ಬಿಚ್ಚಿ ಗಾಳಿಗೆ ಹಾರಿಸುತ್ತಿರುವಂತೆ ಅನಿಸುತ್ತಿತ್ತು. ಅವಳಿಗೆ ಭಯವಾಗಿತ್ತು. ಭಯಕ್ಕಿಂತ ಹೆಚ್ಚಾಗಿ, ಇದರ ತಲೆಬುಡ ತಿಳಿಯದೆ ರೇಗುತ್ತಿತ್ತು.

ಸಂಜೆ ಮಗಳು ಬಾಗಿಲು ದೂಡಿಕೊಂಡು ಬಂದಾಗ ಟೈಲರಮ್ಮ ಹೊಲಿಗೆಯಂತ್ರದ ಎಣ್ಣೆ ಡಬ್ಬಿಯ ಮೂತಿಯನ್ನು ಲ್ಯಾಪ್‌ಟಾಪಿನ ಬದಿಯ ಸೀಳಿಗೆ ಹಿಡಿದಿದ್ದಳು.

"ಅಮ್ಮ, ಏನು ಮಾಡ್ತಿದೀಯ?"

"ಎರಡೇ ಹನಿ. ಒಣಗಿದೆ ಅದು, ಅದಕ್ಕೇ ಅರಚ್ಕೊಳ್ತಿದೆ."

ಮಗಳು ಡಬ್ಬಿಯನ್ನು ಕಸಿದುಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತಳು. ನಿಂತವಳಿಗೆ ನಗಬೇಕೋ ಬೈಯಬೇಕೋ ಗೊತ್ತಾಗಲಿಲ್ಲ. "ನನ್ನ ಹೊಸ ಲ್ಯಾಪ್‌ಟಾಪು ಆಫೀಸಿಂದು, ಅದಕ್ಕೆ ಈ ಪ್ರೋಗ್ರಾಮು ಹಾಕೋ ಹಾಗಿಲ್ಲ. ಇರೋದು ಇದೊಂದೇ. ನಾಳೆ ರಿಪೇರಿ ಅಂಗಡಿಗೆ ಕೊಡು" ಎಂದಳು.

ಹೀಗೆ ನಾಲ್ಕನೆಯ ಬೆಳಿಗ್ಗೆ ಓದಿಗೆ ರಜೆ. ಟೈಲರಮ್ಮ ಲ್ಯಾಪ್‌ಟಾಪನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು, ಹಾಸಿಗೆ ಕೊಳೆಯಾದೀತೆಂದು ಮನೆಯಲ್ಲೇ ಬಿಟ್ಟು, ಬೀದಿಯ ತುದಿಯ ರಿಪೇರಿ ಅಂಗಡಿಗೆ ಹೋದಳು. ಎರಡು ಅಂಗಡಿಗಳ ನಡುವಿನ ಮೆಟ್ಟಿಲ ಕೆಳಗೆ ತೂರಿಸಿದಂಥ ಜಾಗ ಅದು. ಗಾಜಿನ ಕೌಂಟರಿನ ಹಿಂದೆ ರಿಪೇರಿಯವನು, ಹಣೆಗೊಂದು ದೀಪ ಕಟ್ಟಿಕೊಂಡು, ಯಾವುದೋ ಫೋನಿನ ಹೊಟ್ಟೆ ಬಗೆಯುತ್ತಿದ್ದ. ಅವಳ ವಯಸ್ಸಿನವನೇ, ಮಾತಿನಲ್ಲಿ ಮಾತ್ರ ಎಲ್ಲರಿಗಿಂತ ಹಿರಿಯ.

ಲ್ಯಾಪ್‌ಟಾಪಿನ ಅಡಿ ಬಿಚ್ಚಿ ನೋಡಿದವನೇ ಅವನು ತುಟಿಯಲ್ಲೇ ನಕ್ಕ. ಚಿಮಟದಲ್ಲಿ ಒಂದು ದಪ್ಪ ಉಂಡೆ ಎತ್ತಿ ಹಿಡಿದ. ನೀಲಿ, ಕೆಂಪು, ಬಿಳಿ, ಹಲವು ಬಣ್ಣದ ನಾರು ಸೇರಿ ಕಂಬಳಿಯಂತಾಗಿತ್ತು.

"ಅಮ್ಮ, ಹೊಲಿಗೆ ಮಾಡ್ತೀರಾ?"

"ಹೇಗೆ ಗೊತ್ತಾಯ್ತು?"

"ಇದರಲ್ಲಿ ಒಂದು ಚಡ್ಡಿಗೆ ಸಾಲೋಷ್ಟು ಬಟ್ಟೆ ಇದೆ. ಗಾಳಿ ಹೋಗೋ ದಾರಿಯೆಲ್ಲ ಕಟ್ಟಿಹೋಗಿತ್ತು. ಬಿಸಿ ಹೊರಗೆ ಹೋಗದೇ ಇದ್ರೆ ಫ್ಯಾನು ಇನ್ನೇನು ಮಾಡುತ್ತೆ, ಬೊಬ್ಬೆ ಹಾಕುತ್ತೆ."

ಅವನು ಕುಂಚದಿಂದ ಗುಡಿಸಿ, ಬಾಯಿಗಾಳಿ ಸಾಲದೆ ಯಂತ್ರದ ಗಾಳಿಯನ್ನೂ ಊದಿ, ಯಾವುದೋ ಬಿಳಿ ಮುಲಾಮು ಹಚ್ಚಿ ಮುಚ್ಚಿದ. ಗಾಜಿನ ಮೇಲಿಟ್ಟು ಚಾಲೂ ಮಾಡಿದ. ಉಸಿರಿನಷ್ಟೂ ಸದ್ದಿಲ್ಲ. ಟೈಲರಮ್ಮ ಕಿವಿ ಅಂಟಿಸಿ ಕೇಳಿದಳು, ಇಲ್ಲ. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಅಂದುಕೊಂಡು, ದುಡ್ಡು ಕೊಟ್ಟು, ಹಗುರಾಗಿ ಮನೆಗೆ ಬಂದಳು.

ಮರುದಿನ, ಅಂದರೆ ಶನಿವಾರ, ಬೆಳಿಗ್ಗೆ ಅವಳು ಲ್ಯಾಪ್‌ಟಾಪನ್ನು ಅದರ ಹಾಸಿಗೆಗೆ ಇಳಿಸಿ, ನಾಲ್ಕೂ ಮೂಲೆಗೆ ಇಲಾಸ್ಟಿಕ್ ಎಳೆದು, ಗಂಡನನ್ನು ಕೂರಿಸಿದಳು. ಬಹಳ ಹಸಿರು ಬಿತ್ತು. ಕಂಚಣ್ಣನ ಮುಖ ಅರಳಿತು. ಕೋಣೆ ಬಿಸಿಯಾಗುತ್ತ ಬಂದಂತೆ, ಎಲ್ಲೋ ದೂರದಲ್ಲಿ ಬಸ್ಸು ಏರು ಹತ್ತುವ ಹಾಗೆ ಒಂದು ಗುಯ್ ಶುರುವಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಕೆಂಪು. ಮತ್ತೆ ಕೆಂಪು. ಅವನ ದನಿ ಅಭ್ಯಾಸಬಲದಿಂದ ಏರಿತು, ಏರಿದ್ದು ಅರ್ಧದಲ್ಲಿ ಒಡೆದು ಬರೀ ಗಾಳಿಯಾಗಿ ಹೊರಬಂತು. ಅವನು ಮೈಕಿನ ಮುಂದೆ ಬಾಯಿ ತೆರೆದುಕೊಂಡೇ ಕೂತುಬಿಟ್ಟ. ಅವನ ಕಣ್ಣಲ್ಲಿ ಅವಳು ಆವರೆಗೆ ನೋಡದ ಒಂದು ಹೆದರಿಕೆ ಇತ್ತು.

ಟೈಲರಮ್ಮ ಲ್ಯಾಪ್‌ಟಾಪನ್ನು ಹಾಸಿಗೆ ಸಮೇತ ಎತ್ತಿ ಚೀಲಕ್ಕೆ ತುರುಕಿ ಮೆಟ್ಟಿಲು ಇಳಿದಳು. ಅಂಗಡಿ ಮುಟ್ಟುವಷ್ಟರಲ್ಲಿ ಬೈಗುಳಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡಿದ್ದಳು. ಆದರೆ ಅವಳು ಚೀಲದಲ್ಲೇ ಹಾಸಿಗೆಯಿಂದ ಬಿಡಿಸಿ ಕೊಟ್ಟ ಲ್ಯಾಪ್‌ಟಾಪನ್ನು ರಿಪೇರಿಯವನು ಗಾಜಿನ ಮೇಲಿಟ್ಟು, ಅವಳು ತೋರಿಸಿದ ಪ್ರೋಗ್ರಾಮನ್ನೇ ತೆರೆದು, ತಾನೇ ಒಂದೆರಡು ವಾಕ್ಯ ಓದಿದ. ಫ್ಯಾನು ಒಂದು ಸಲ ಗುಂಯ್ ಅಂದು ಮತ್ತೆ ತಣ್ಣಗಾಯಿತು. ಹಸಿರು, ಹಸಿರು, ಹಸಿರು.

"ನಾನು ಓದಿದ್ರೆ ಸುಮ್ಮನಿರುತ್ತೆ" ಎಂದ ಅವನು, ತನಗೂ ಅರ್ಥವಾಗದೆ.

"ಅವರು ಓದಿದ್ರೆ ಮಾತ್ರ ಕೂಗುತ್ತೆ. ಅವರ ದನಿ ಕಂಡ್ರೆ ಆಗಲ್ಲ ಅದಕ್ಕೆ" ಎಂದಳು ಅವಳು. ಹೇಳಿದ ಮೇಲೆ ತಾನು ಅದನ್ನು ನಿಜವಾಗಿಯೂ ನಂಬತೊಡಗಿದ್ದೇನೆ ಎಂದು ಅವಳಿಗೇ ಗಾಬರಿಯಾಯಿತು. ಬೈಗುಳವೆಲ್ಲ ಮರೆತುಹೋಗಿ, ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಸೋಮವಾರದ ವಿಷಯ, ಗಂಟಲಿನ ವಿಷಯ, ಎಲ್ಲ ಹೇಳಿಬಿಟ್ಟಳು. ರಿಪೇರಿಯವನು ಹಣೆಯ ದೀಪ ಆರಿಸಿ ಕೇಳಿದ. ಅವನಿಗೂ ಕಂಚಣ್ಣನ ದನಿ ಗೊತ್ತಿತ್ತು. ಆ ಊರಲ್ಲಿ ಬಸ್ಸು ಹತ್ತಿದ ಯಾರಿಗೆ ಗೊತ್ತಿರಲಿಲ್ಲ?

"ನನಗೂ ತಲೆ ಓಡ್ತಿಲ್ಲ ಅಮ್ಮ" ಎಂದ. ಗಲ್ಲವನ್ನು ತುರಿಸಿಕೊಂಡ. "ಒಂದು ಕೆಲಸ ಮಾಡಿ. ಮನೇಲಿ ಹೇಗೆ ಇಡ್ತೀರೋ, ಇಲ್ಲೂ ಹಾಗೇ ಇಟ್ಟು ತೋರಿಸಿ. ಏನೂ ಬಿಡಬೇಡಿ."

ಟೈಲರಮ್ಮ ಚೀಲದೊಳಗೆ ಕೈ ಹಾಕಿ ನೀಲಿ ಹಾಸಿಗೆ ತೆಗೆದಳು. ಕೊಡವಿ, ಸುಕ್ಕು ಸವರಿ, ಗಾಜಿನ ಮೇಲೆ ಹಾಸಿದಳು. ಲ್ಯಾಪ್‌ಟಾಪನ್ನು ಮಲಗಿಸಿ ಒಂದೊಂದೇ ಮೂಲೆಗೆ ಇಲಾಸ್ಟಿಕ್ ಎಳೆದಳು, ಬದಿಯ ಗೋಡೆಗಳನ್ನು ನೆಟ್ಟಗೆ ಮಾಡಿದಳು. ಅಷ್ಟೊಂದು ಗೊಂದಲದಲ್ಲೂ ಅದರ ಅಂದ ಕಂಡು ಅವಳ ಕೈ ಒಂದು ಗಳಿಗೆ ಅಲ್ಲೇ ನಿಂತಿತು.

ರಿಪೇರಿಯವನು ನಗಲಿಲ್ಲ. ಪ್ರೋಗ್ರಾಮು ಚಾಲೂ ಮಾಡಿ ಬಿಟ್ಟು, ಇಬ್ಬರಿಗೂ ಚಹಾ ತರಿಸಿದ. ಚಹಾ ಮುಗಿಯುವ ಹೊತ್ತಿಗೆ ಗುಯ್ ಎಂದಿತು. ಅವನು ಹಾಸಿಗೆಯ ಒಂದು ಮೂಲೆ ಎತ್ತಿ, "ಕೈ ಇಡಿ ಇಲ್ಲಿ" ಎಂದ.

ಅವಳು ಇಟ್ಟಳು. ಇಸ್ತ್ರಿ ಪೆಟ್ಟಿಗೆ ಮುಟ್ಟಿದ ಹಾಗೆ ಕೈ ಹಿಂದೆ ಬಂತು.

"ಈ ಪ್ರೋಗ್ರಾಮು ಓಡಿದಾಗೆಲ್ಲ ಇದಕ್ಕೆ ಬಿಸಿ ಏರುತ್ತೆ. ಇದು ಗಾಳಿ ಎಳೆದುಕೊಳ್ಳೋದು ಅಡಿಯಿಂದ, ಬಿಡೋದು ಬದಿಯಿಂದ. ಎರಡೂ ಕಡೆ ನೀವು ಹತ್ತಿ ಇಟ್ಟಿದೀರಿ. ತಪ್ಪು ನಂದೇ, ನಿನ್ನೆಯೇ ಕೇಳಬೇಕಿತ್ತು. ಇದಕ್ಕೆ ಯಾರಾದ್ರೂ ಹಾಸಿಗೆ ಹೊಲೀತಾರೆ ಅಂತ ನನಗೆ ಹೊಳೀಲೇ ಇಲ್ಲ."

ಟೈಲರಮ್ಮನಿಗೆ ಈಗ ತಿಳಿಯಿತು. ಹೊಲಿಗೆಯಂತ್ರಕ್ಕೆ ಉಸಿರಾಟವಿಲ್ಲ, ಆದ್ದರಿಂದ ಚಿಕ್ಕಮ್ಮನ ಪಾಠ ಅದಕ್ಕೆ ಸರಿ. ಇದಕ್ಕೆ ಉಸಿರಿತ್ತು. ಅದು ಬೊಬ್ಬೆ ಹೊಡೆದಷ್ಟೂ ಅವಳು ಹತ್ತಿ ತುರುಕಿದ್ದಳು, ಹತ್ತಿ ತುರುಕಿದಷ್ಟೂ ಅದು ಬೊಬ್ಬೆ ಹೊಡೆದಿತ್ತು. ಸದ್ದು ಅಡಗಿಸಲೆಂದು ಮಾಡಿದ್ದೆಲ್ಲ ಸದ್ದಿಗೇ ಮೇವಾಗಿತ್ತು. ಅವನು ಕೂಗಿ ಕೂಗಿ ಕಳೆದುಕೊಂಡ ಆ ಬೆಳಗುಗಳು, ಆ ದನಿ, ಎಲ್ಲ ತನ್ನ ಕೈಯಿಂದಲೇ. ಕೌಂಟರಿನ ಮುಂದೆಯೇ ಅವಳು ಅತ್ತಳು. ರಿಪೇರಿಯವನು ಪಾಪ, ಎಲ್ಲಿ ನೋಡುವುದೆಂದು ತಿಳಿಯದೆ ಖಾಲಿ ಲೋಟಗಳನ್ನು ಅತ್ತಿಂದಿತ್ತ ಸರಿಸಿದ.

ಮನೆಗೆ ಬಂದು ಗಂಡನ ಎದುರು ಹಾಸಿಗೆಯನ್ನು ಇಟ್ಟು ಎಲ್ಲ ಹೇಳಿದಳು. ಹೇಳುವಾಗ ತಲೆ ಎತ್ತಲಿಲ್ಲ. ಕಂಚಣ್ಣ ಹಾಸಿಗೆಯನ್ನು ಕೈಗೆತ್ತಿಕೊಂಡು ಹಿಸುಕಿ ನೋಡಿದ. ಆಮೇಲೆ ಒಡೆದ ದನಿಯಲ್ಲಿ, ಮೆಲ್ಲಗೆ, "ನೀನು ನನಗೂ ಯಾವಾಗಲೂ ಕತ್ತಿನ ಹತ್ರ ಬಿಗಿಯಾಗೇ ಅಂಗಿ ಹೊಲೀತಿದ್ದೆ. ನಾನು ಜೀವಮಾನ ಪೂರ್ತಿ ಯಾಕೆ ಕೂಗಿದೆ ಅಂತ ಈಗ ಗೊತ್ತಾಯ್ತು" ಎಂದ.

ಅವಳಿಗೆ ನಗುವೂ ಬಂತು, ಅಳುವೂ ಬಂತು, ಯಾವುದು ಮೊದಲು ಬಂತೋ ತಿಳಿಯಲಿಲ್ಲ. "ಇವತ್ತು ಇನ್ನು ಒಂದು ಮಾತೂ ಆಡಬೇಡಿ" ಎಂದಳು. ಅವನು ಆಡಲಿಲ್ಲ. ಇಡೀ ದಿನ, ರಾತ್ರಿ ಮಲಗುವವರೆಗೂ, ಏನು ಬೇಕಾದರೂ ಕೈಸನ್ನೆಯಲ್ಲೇ ಕೇಳಿದ. ಅವಳು ಅರ್ಧ ಸನ್ನೆಗಳನ್ನು ತಪ್ಪು ತಿಳಿದುಕೊಂಡಳು. ನೀರು ಕೇಳಿದರೆ ಟವೆಲು ಕೊಟ್ಟಳು.

ಉಳಿದದ್ದು ಭಾನುವಾರ ಒಂದೇ ಬೆಳಿಗ್ಗೆ. ಕಂಬಳಿ, ರಜಾಯಿ ಎಲ್ಲ ಇಳಿದವು. ಬೀದಿ ಏಳುವ ಮೊದಲೇ ಎದ್ದು, ಟೈಲರಮ್ಮ ಮೇಜಿನ ಮೇಲೆ ನಾಲ್ಕು ದಾರದ ರೀಲುಗಳನ್ನು ನಿಲ್ಲಿಸಿ ಅವುಗಳ ಮೇಲೆ ಲ್ಯಾಪ್‌ಟಾಪನ್ನು ಕೂರಿಸಿದಳು. ಅಡಿಯಲ್ಲಿ ಕೈ ಹೋಗುವಷ್ಟು ಗಾಳಿ. ಕಂಚಣ್ಣ ಬಿಸಿನೀರು ಕುಡಿದು, ಕನ್ನಡಕ ಏರಿಸಿ ಕೂತ. ಒಂದು ದಿನದ ಮೌನ ಅವನ ಗಂಟಲಿಗೆ ಒಳ್ಳೆಯದನ್ನೇ ಮಾಡಿತ್ತು. ದನಿ ಪೂರ್ತಿ ಹಳೆಯದಲ್ಲ, ಆದರೂ ಅವನದೇ. ಫ್ಯಾನು ಆಗಾಗ ಸಣ್ಣಗೆ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿತ್ತು. ಹಸಿರಿನ ಮೇಲೆ ಹಸಿರು. ಸದ್ದೇ ಇಲ್ಲದ ಕೋಣೆಯಲ್ಲಿ ಅವನಿಗೆ ಮೊದಮೊದಲು ಹೇಗೆ ಮಾತಾಡುವುದೆಂದೇ ತೋಚಲಿಲ್ಲ, ಯಾರನ್ನು ಮೀರಿ ಕೂಗಬೇಕು? ಬರಬರುತ್ತ ದನಿ ತಾನಾಗಿ ಇಳಿದು, ಮನೆಯ ದನಿಯಾಯಿತು. ಟೈಲರಮ್ಮ ಬಾಗಿಲ ಹತ್ತಿರ ಸ್ಟೂಲಿನ ಮೇಲೆ, ಯಂತ್ರ ಓಡಿಸುವ ಹಾಗಿಲ್ಲವೆಂದು ಕೈಯಲ್ಲೇ ಒಂದು ಅಂಗಿಗೆ ಗುಂಡಿ ಹಚ್ಚುತ್ತ ಕೂತಿದ್ದಳು. ಸೂಜಿ ಎಳೆಯುವಾಗಲೂ ಉಸಿರು ಹಿಡಿಯುತ್ತಿದ್ದಳು.

ಮುನ್ನೂರು ಚಿಲ್ಲರೆಯೂ ಮುಗಿಯಿತು. ಆಮೇಲೆ ಪರದೆಯಲ್ಲಿ ಕೆಲವು ಖಾಲಿ ಜಾಗಗಳು ಬಂದವು. ಇದನ್ನೂ ಮೇಡಮ್ಮು ಹೇಳಿದ್ದರು: ಕೊನೆಯಲ್ಲಿ, ಮನೆಯಲ್ಲಿ ದಿನವೂ ಆಡುವ ಕೆಲವು ಮಾತುಗಳನ್ನು ನಿಮ್ಮದೇ ರೀತಿಯಲ್ಲಿ ಹೇಳಿ, ಅವನ್ನು ಯಂತ್ರ ಬದಲಿಸುವುದಿಲ್ಲ, ಹೇಳಿದಂತೆಯೇ ಇಟ್ಟುಕೊಳ್ಳುತ್ತದೆ.

ಕಂಚಣ್ಣ ಗಲಿಬಿಲಿಗೊಂಡು ಹೆಂಡತಿಯ ಕಡೆ ತಿರುಗಿದ. "ನಾನು ಮನೇಲಿ ಏನು ಮಾತಾಡ್ತೀನಿ?"

ಅವಳಿಗೂ ನೆನಪಾಗಲಿಲ್ಲ. ಇಷ್ಟು ವರ್ಷ ಇಬ್ಬರೂ ಆಡಿದ್ದೇನು? "ಕನ್ನಡಕ ಎಲ್ಲಿ ಅಂತೀರಿ" ಎಂದಳು ಕಡೆಗೆ. ಅವನು ಮೂಗಿನ ಮೇಲಿನ ಕನ್ನಡಕ ಮುಟ್ಟಿ ನೋಡಿಕೊಂಡು, ಅದನ್ನೇ ಹೇಳಿದ. ಹಸಿರು. 'ಬಾಗಿಲು ಹಾಕಿದ್ಯಾ?' ಹಸಿರು. 'ಮಗಳು ಬಂದ್ಲಾ?' ಹಸಿರು. ಆಮೇಲೆ ಸ್ವಲ್ಪ ಯೋಚಿಸಿ, ಮೈಕಿನ ಹತ್ತಿರ ಬಾಗಿದ.

"ಲೇ, ನಿಂದು ಊಟ ಆಯ್ತಾ?"

"ಇನ್ನೂ ಇಲ್ಲ" ಎಂದಳು ಟೈಲರಮ್ಮ, ದಾರ ಕಡಿಯುತ್ತ.

ಕೆಂಪು. 'ಹಿನ್ನೆಲೆಯಲ್ಲಿ ಸದ್ದಿದೆ. ಮತ್ತೊಮ್ಮೆ ಓದಿ.'

ಅವಳು ಅಂಗಿ ಬಿಟ್ಟು ಎದ್ದುಬಂದು ಲ್ಯಾಪ್‌ಟಾಪಿಗೆ ಕಿವಿಗೊಟ್ಟಳು. ಫ್ಯಾನು ಸುಮ್ಮನಿತ್ತು. ಅಡಿಗೆ ಕೈ ಹಾಕಿ ನೋಡಿದಳು, ತಣ್ಣಗಿತ್ತು. ಕಿಟಕಿ ಮುಚ್ಚಿತ್ತು, ಬೀದಿಯಲ್ಲಿ ಯಾರೂ ಇರಲಿಲ್ಲ. ಹಾಗಾದರೆ ಸದ್ದು ಎಲ್ಲಿಂದ ಬಂತು? ಬೆಪ್ಪಾಗಿ ಗಂಡನ ಮುಖ ನೋಡಿದಳು. ಕಂಚಣ್ಣ ಬೆರಳೆತ್ತಿ ಅವಳನ್ನು ತೋರಿಸಿದ.

ಅರ್ಥವಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ನಾಚಿಕೆಯಿಂದ ತಲೆಗೆ ಕೈಯಿಟ್ಟುಕೊಂಡು ಹೋಗಿ ಸ್ಟೂಲಿನ ಮೇಲೆ ಕೂತಳು. ಅವನು ಮತ್ತೆ ಬಾಗಿದ.

"ಲೇ, ನಿಂದು ಊಟ ಆಯ್ತಾ?"

"ಇಲ್ಲ ರೀ." ಬಾಯಿ ತಾನಾಗಿ ಆಡಿಬಿಟ್ಟಿತ್ತು. ಅವನು ಕೇಳಿದ್ದಕ್ಕೆ ಉತ್ತರ ಕೊಡದೆ ಇರುವ ಅಭ್ಯಾಸವೇ ಆ ಬಾಯಿಗೆ ಇರಲಿಲ್ಲ. ಕೆಂಪು ಬಿದ್ದಿತು.

ಕಂಚಣ್ಣ ನಗುತ್ತಿದ್ದ, ಸದ್ದಿಲ್ಲದೆ, ಭುಜ ಕುಣಿಸುತ್ತ. ಟೈಲರಮ್ಮನಿಗೆ ನಗು ಬರಲಿಲ್ಲ. ಇಷ್ಟು ದಿನ ಈ ಮನೆಯ ಸದ್ದನ್ನೆಲ್ಲ ಒಂದೊಂದಾಗಿ ಹುಡುಕಿ ಹೊರಗಟ್ಟಿದ್ದಳು. ಉಳಿದದ್ದು ತಾನೊಬ್ಬಳು. ನಾಳೆಯ ನಂತರ ಈ ಪ್ರಶ್ನೆ ಯಂತ್ರದಿಂದ ಬರುವಾಗ ಅದರೊಳಗೆ ತಾನಿರಬಾರದು, ಹೊರಗಿನಿಂದಲೇ ಉತ್ತರ ಹೇಳಬೇಕು. ಇದು ಸರಿಯೋ ತಪ್ಪೋ ಅವಳಿಗೆ ತಿಳಿಯಲಿಲ್ಲ. ಹೊಲಿಯುತ್ತಿದ್ದ ಅಂಗಿಯ ತೋಳನ್ನು ಮುದುರಿ ಬಾಯಿಗಿಟ್ಟು, ಹಲ್ಲುಕಚ್ಚಿ ಹಿಡಿದು, ಹೂಂ ಎಂದು ಕಣ್ಣಲ್ಲೇ ಸನ್ನೆ ಮಾಡಿದಳು.

"ಲೇ, ನಿಂದು ಊಟ ಆಯ್ತಾ?"

ಕೋಣೆ ಸುಮ್ಮನಿತ್ತು. ಅವಳು ಉತ್ತರ ಕೊಡಲಿಲ್ಲ. ಹಸಿರು ಬಿತ್ತು.

ಅವನು ಪರದೆಯ ಕಡೆ ನೋಡಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಬರುತ್ತದೆ ಎಂದು ಅವಳ ಮುಖವನ್ನೇ ನೋಡುತ್ತ ಕೂತಿದ್ದ. ಮೈಕು ಇನ್ನೂ ಕೇಳಿಸಿಕೊಳ್ಳುತ್ತಿದೆಯೋ, ಆಗಲೇ ಮುಚ್ಚಿಕೊಂಡಿದೆಯೋ ಟೈಲರಮ್ಮನಿಗೆ ಗೊತ್ತಾಗಲಿಲ್ಲ. ತೋಳನ್ನು ಬಾಯಲ್ಲೇ ಕಚ್ಚಿಕೊಂಡು, ಇಲ್ಲ ಎಂದು ತಲೆಯಾಡಿಸಿದಳು.